ಸಿಗ್ನಲ್‌ನಲ್ಲಿ ನಿಂತರೆ ಮಾತ್ರ ಬಿಸಿ ಏರುತ್ತಿದೆ: 2 ಲಕ್ಷ ಕಿ.ಮೀ. ದಾಟಿದ ಡೀಸೆಲ್ ಎಸ್‌ಯುವಿ, ಮಂಡ್ಯ

ಮಂಡ್ಯ_ಡೀಸೆಲ್:
ಎಲ್ಲರಿಗೂ ನಮಸ್ಕಾರ. ಗಾಡಿ 2013ರ ಡೀಸೆಲ್ ಕಾಂಪ್ಯಾಕ್ಟ್ ಎಸ್‌ಯುವಿ. ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್ ಎಲ್ಲ ಮನೆಯಲ್ಲೇ ನಾನೇ ಬದಲಾಯಿಸುತ್ತೇನೆ. ಕೂಲಿಂಗ್ ಕಡೆ ಮಾತ್ರ ಇದುವರೆಗೆ ಕೈ ಹಾಕಿಲ್ಲ.

ಎಕ್ಸ್‌ಪ್ರೆಸ್‌ವೇಯಲ್ಲಿ ಮೈಸೂರಿಗೆ ಹೋಗುವಾಗ ನೂರರಲ್ಲಿ ಓಡಿಸಿದರೂ ಟೆಂಪರೇಚರ್ ಮುಳ್ಳು ಅರ್ಧ ಬಿಟ್ಟು ಅಲ್ಲಾಡುವುದಿಲ್ಲ. ಆದರೆ ಸರ್ವಿಸ್ ರೋಡಿಗೆ ಇಳಿದು ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡರೆ, ಇಲ್ಲಾ ಊರೊಳಗೆ ಸಿಗ್ನಲ್‌ನಲ್ಲಿ ನಿಂತರೆ ನಿಧಾನಕ್ಕೆ ಮುಕ್ಕಾಲಿಗೆ ಏರುತ್ತದೆ, ಎಸಿ ತಣ್ಣಗಾಗುವುದನ್ನು ನಿಲ್ಲಿಸುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಫ್ಯಾನ್ ಭಾರೀ ಸದ್ದು ಮಾಡಿ ತಿರುಗಿ ಮುಳ್ಳು ಇಳಿಯುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕತೆ. ಕೂಲೆಂಟ್ ಮಟ್ಟ ಇಳಿದಿಲ್ಲ.

ಒಂದು ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ ನೋಡಿ, ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಸೀಲ್) ಹೋಗಿದೆ, ಹೆಡ್ ಇಳಿಸಬೇಕು ಎಂದರು. ಇಷ್ಟು ಓಡಿದ ಗಾಡಿಗೆ ಅಷ್ಟು ಖರ್ಚು ಹಾಕಬೇಕಾ? ಮನೆಯಲ್ಲೇ ಮೊದಲು ಏನು ನೋಡಲಿ?

ಸ್ಪ್ಯಾನರ್_ಮೈಸೂರು:
ಹೆಡ್ ಇಳಿಸಲು ಒಪ್ಪಬೇಡಿ ಸರ್, ಸ್ವಲ್ಪ ತಾಳಿ. ಬಿಸಿ ಎಷ್ಟು ಏರಿತು ಅನ್ನುವುದಕ್ಕಿಂತ ಯಾವಾಗ ಏರಿತು ಅನ್ನುವುದು ಮುಖ್ಯ, ಅದನ್ನು ನೀವು ಸರಿಯಾಗಿ ಬರೆದಿದ್ದೀರಿ. ಓಡುವಾಗ ಎದುರು ಗಾಳಿಯೇ ರೇಡಿಯೇಟರ್ ತಣ್ಣಗೆ ಮಾಡುತ್ತದೆ. ನಿಂತಾಗ ಆ ಕೆಲಸ ಫ್ಯಾನಿನದು. ನಿಂತಾಗ ಮಾತ್ರ ಏರಿದರೆ ಗಾಳಿಯ ಕಡೆ ಹುಡುಕಬೇಕು: ಫ್ಯಾನ್, ಅದಕ್ಕೆ ಕರೆಂಟ್ ಬಿಡುವ ಸ್ವಿಚ್ಚಾದ ರಿಲೇ, ಫ್ಯೂಸ್, ಇಲ್ಲವೇ ಕಸ ಕಟ್ಟಿದ ರೇಡಿಯೇಟರ್. ಹೈವೇಯಲ್ಲಿ, ಚಾಮುಂಡಿ ಬೆಟ್ಟದ ಏರಿನಲ್ಲಿ ಏರಿದರೆ ಅದು ಬೇರೆ ಮಾತು. ಆಗ ಥರ್ಮೋಸ್ಟಾಟ್ (ಕೂಲೆಂಟ್ ಬಿಸಿಯಾದ ಮೇಲೆ ರೇಡಿಯೇಟರಿಗೆ ದಾರಿ ಬಿಡುವ ವಾಲ್ವ್), ವಾಟರ್ ಪಂಪ್, ಒಳಗೇ ಕಟ್ಟಿಕೊಂಡ ರೇಡಿಯೇಟರ್ ಮೇಲೆ ಅನುಮಾನ ಪಡಬೇಕು.

ನಿಮ್ಮ ಗಾಡಿಯಲ್ಲಿ ಎಸಿಯೂ ಅದೇ ಹೊತ್ತಿಗೆ ಸೋಲುತ್ತಿದೆ ಅಲ್ವಾ? ಎಸಿ ಕಂಡೆನ್ಸರ್ ಇರುವುದು ರೇಡಿಯೇಟರ್ ಮುಂದೆ, ಎರಡಕ್ಕೂ ಗಾಳಿ ಎಳೆಯುವುದು ಅದೇ ಫ್ಯಾನ್. ಗ್ಯಾಸ್ಕೆಟ್ ಹೋದರೆ ಎಸಿ ಯಾಕೆ ಸೋಲಬೇಕು?

ಫ್ಯಾನ್ ತಡವಾಗಿ ಬಂದು ಒಮ್ಮೆಲೇ ಜೋರಾಗಿ ತಿರುಗುತ್ತದೆ ಎಂದಿರಿ. ಅನೇಕ ಗಾಡಿಗಳಲ್ಲಿ ಫ್ಯಾನಿಗೆ ಎರಡು ಸ್ಪೀಡ್ ಇರುತ್ತದೆ. ಕಡಿಮೆ ಸ್ಪೀಡಿನ ಕರೆಂಟ್ ಒಂದು ರೆಸಿಸ್ಟರ್ ಮೂಲಕ ಹೋಗುತ್ತದೆ. ವರ್ಷಗಟ್ಟಲೆ ಬಿಸಿಯಲ್ಲಿ ಕೂತು ಆ ರೆಸಿಸ್ಟರ್ ಸುಟ್ಟುಹೋಗುವುದು ಹಳೇ ಗಾಡಿಗಳಲ್ಲಿ ಮಾಮೂಲು. ಆಗ ಕಡಿಮೆ ಸ್ಪೀಡ್ ಇಲ್ಲವೇ ಇಲ್ಲ, ಬಿಸಿ ತೀರಾ ಏರಿದ ಮೇಲೆ ಹೈ ಸ್ಪೀಡ್ ನೇರ ಶುರುವಾಗುತ್ತದೆ. ನೀವು ಹೇಳಿದ್ದು ಅದೇ ತರಹ ಇದೆ.

ಹೀಗೆ ನೋಡಿ. ತಣ್ಣಗಿರುವ ಗಾಡಿ ಸ್ಟಾರ್ಟ್ ಮಾಡಿ ಎಸಿ ಹಾಕಿ. ಈ ಬಗೆಯ ಹೆಚ್ಚಿನ ಗಾಡಿಗಳಲ್ಲಿ ಸ್ವಲ್ಪ ಹೊತ್ತಿಗೆ ಫ್ಯಾನ್ ಕಡಿಮೆ ಸ್ಪೀಡಿನಲ್ಲಿ ತಿರುಗಬೇಕು. ತಿರುಗದಿದ್ದರೆ ಫ್ಯೂಸ್ ನೋಡಿ, ಆಮೇಲೆ ಅದೇ ನಂಬರಿನ ಇನ್ನೊಂದು ರಿಲೇ, ಹಾರ್ನಿನದ್ದೋ ಏನೋ, ಅದಲು ಬದಲು ಮಾಡಿ ನೋಡಿ. ಅದೂ ಸರಿ ಇದ್ದರೆ ಫ್ಯಾನಿನ ಪ್ಲಾಸ್ಟಿಕ್ ಚೌಕಟ್ಟಿನ ಮೇಲೆ ಸಾಮಾನ್ಯವಾಗಿ ರೆಸಿಸ್ಟರ್ ಇರುತ್ತದೆ. ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಇಡಿ. ಚೆನ್ನಾಗಿದ್ದರೆ ತುಂಬಾ ಕಡಿಮೆ ಓಮ್ ತೋರಿಸುತ್ತದೆ, ಸುಟ್ಟಿದ್ದರೆ ಸರ್ಕ್ಯೂಟ್ ಕಡಿದಂತೆ ತೋರಿಸುತ್ತದೆ.

ಒಂದು ಮಾತು ದಯವಿಟ್ಟು ಮರೆಯಬೇಡಿ. ಕೈ ಹಾಕುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಕೆಲವು ಗಾಡಿಗಳಲ್ಲಿ ಕೀ ತೆಗೆದಿದ್ದರೂ ಫ್ಯಾನ್ ತಾನಾಗಿ ತಿರುಗುತ್ತದೆ, ಬೆರಳು ಹೋಗುತ್ತದೆ. ಬಿಸಿ ಇರುವಾಗ ಕೂಲೆಂಟ್ ಮುಚ್ಚಳವನ್ನೂ ತೆರೆಯಬೇಡಿ. ಒಳಗೆ ಒತ್ತಡದಲ್ಲಿ ನೂರು ಡಿಗ್ರಿ ದಾಟಿಯೂ ಕುದಿಯದೆ ಇರುವ ನೀರು, ಮುಚ್ಚಳ ತೆರೆದ ತಕ್ಷಣ ಕುದ್ದು ಮುಖಕ್ಕೆ ಚಿಮ್ಮುತ್ತದೆ.

ನಂಜನಗೂಡು_4ವೀಲ್:
ಅಣ್ಣ, ಸುಮ್ನೆ ಥರ್ಮೋಸ್ಟಾಟ್ ತೆಗೆದುಬಿಡಿ. ನಮ್ಮ ಕಡೆ ಎಲ್ಲರೂ ಹಾಗೇ ಓಡಿಸುತ್ತಾರೆ, ಬಿಸಿಯ ತಂಟೆಯೇ ಇರಲ್ಲ.

ಸ್ಪ್ಯಾನರ್_ಮೈಸೂರು:
ಬೇಡ ಗುರು, ಇದನ್ನು ಯಾರೂ ಮಾಡಬೇಡಿ. ಥರ್ಮೋಸ್ಟಾಟ್ ಸಾಮಾನ್ಯವಾಗಿ 80ರಿಂದ 90 ಡಿಗ್ರಿ ನಡುವೆ ತೆರೆಯುತ್ತದೆ, ಅಲ್ಲಿಯವರೆಗೆ ಎಂಜಿನ್ ಬೇಗ ಬಿಸಿಯಾಗಲಿ ಎಂದೇ ಅದನ್ನು ಇಟ್ಟಿರುವುದು. ತೆಗೆದರೆ ಡೀಸೆಲ್ ಎಂಜಿನ್ ತಣ್ಣಗೇ ಓಡುತ್ತದೆ, ಡೀಸೆಲ್ ಜಾಸ್ತಿ ಕುಡಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. 2 ಲಕ್ಷ ಓಡಿದ ಎಂಜಿನ್‌ಗೆ ಇನ್ನೂ ಕೆಟ್ಟದ್ದು. ಇಲ್ಲಿ ಸಮಸ್ಯೆ ನಿಂತಾಗ ಮಾತ್ರ ಇದೆ, ಹಾಗಾಗಿ ತೆಗೆದರೂ ಗಾಳಿ ಬರುವುದಿಲ್ಲ.

ಪಾಂಡವಪುರ_ಗದ್ದೆ:
ರೆಸಿಸ್ಟರ್ ಜೊತೆಗೆ ಇನ್ನೊಂದು ನೋಡಿ ಸರ್. ನಮ್ಮ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಕಾಲದಲ್ಲಿ ರಸ್ತೆ ತುಂಬಾ ತರಗು, ಆಲೆಮನೆ ಹತ್ತಿರ ಓಡಾಡಿದರೆ ಸಿಪ್ಪೆ ಪುಡಿ, ಸುಗ್ಗಿಯಲ್ಲಿ ಹೊಟ್ಟು. ಅದೆಲ್ಲ ಕಂಡೆನ್ಸರ್ ದಾಟಿ ಒಳಗೆ ಹೋಗಿ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವಿನ ಸಂದಿಯಲ್ಲಿ ಕೂರುತ್ತದೆ. ಮುಂದಿನಿಂದ ನೋಡಿದರೆ ಎಲ್ಲ ಚೊಕ್ಕಟವಾಗೇ ಕಾಣುತ್ತದೆ. ಮೇಲಿನ ಕವರ್ ಬಿಚ್ಚಿ ಟಾರ್ಚ್ ಬಿಟ್ಟು ಸಂದಿಯೊಳಗೆ ನೋಡಿ. ಎಂಜಿನ್ ಕಡೆಯಿಂದ ಹೊರಕ್ಕೆ, ತೋಟದ ಪೈಪಿನ ನೀರನ್ನು ಮೆತ್ತಗೆ ಬಿಡಿ. ವಾಟರ್ ವಾಶಿನ ಪ್ರೆಶರ್ ಗನ್ ಹತ್ತಿರ ಹಿಡಿದರೆ ತೆಳು ಫಿನ್ನುಗಳು ಮಡಚಿಕೊಂಡು ಗಾಳಿ ಪೂರ್ತಿ ಮುಚ್ಚಿಹೋಗುತ್ತದೆ.

ಮಂಡ್ಯ_ಡೀಸೆಲ್:
ಇಬ್ಬರೂ ಹೇಳಿದ್ದು ಸರಿ! ಎಸಿ ಹಾಕಿದರೆ ಫ್ಯಾನ್ ತಿರುಗಲೇ ಇಲ್ಲ. ಫ್ಯೂಸ್, ರಿಲೇ ಚೆನ್ನಾಗಿವೆ. ರೆಸಿಸ್ಟರ್ ಕಡಿದಂತೆ ತೋರಿಸಿತು, ಅದರ ಒಂದು ಕಾಲು ಕಪ್ಪಗಾಗಿ ಉದುರಿತ್ತು. ಹೊಸದು ತಂದು ಹಾಕಿದೆ. ಸಂದಿಯಿಂದ ಬಂದ ತರಗು ನೋಡಿ ಗಾಬರಿಯಾಯಿತು, ಕೆಳಗಿನ ಕಾಲು ಭಾಗ ಮುಚ್ಚಿತ್ತು.

ಈಗ ಬ್ಲೂಟೂತ್ ಒಬಿಡಿ (ಎಂಜಿನ್ ಕಂಪ್ಯೂಟರಿನ ಅಂಕಿಗಳನ್ನು ಫೋನಿನಲ್ಲಿ ತೋರಿಸುವ ರೀಡರ್) ಹಾಕಿ ಅರ್ಧ ಗಂಟೆ ನಿಲ್ಲಿಸಿ ಎಸಿ ಓಡಿಸಿದೆ. ಫ್ಯಾನ್ ಮೆತ್ತಗೆ ಬಂತು, ಬಿಸಿ 97 ಡಿಗ್ರಿ ದಾಟಲಿಲ್ಲ. ಎರಡು ಪ್ರಶ್ನೆ ಉಳಿದಿವೆ. ಗ್ಯಾಸ್ಕೆಟ್ ಚೆನ್ನಾಗಿದೆ ಎಂದು ಖಚಿತ ಮಾಡಿಕೊಳ್ಳುವುದು ಹೇಗೆ? ಕೂಲೆಂಟ್ ಬಣ್ಣ ಕಂದಾಗಿದೆ, ಹಿಂದಿನ ಓನರ್ ಬೋರ್ ನೀರು ಹಾಕುತ್ತಿದ್ದರಂತೆ, ಬದಲಾಯಿಸಲಾ?

ಸ್ಪ್ಯಾನರ್_ಮೈಸೂರು:
ಓದಿ ತುಂಬಾ ಖುಷಿಯಾಯಿತು ಸರ್. ಒಬಿಡಿ ಹಾಕಿದ್ದೂ ಒಳ್ಳೆಯದಾಯಿತು. ಅನೇಕ ಗಾಡಿಗಳಲ್ಲಿ ಮುಳ್ಳು ಬಹಳ ಡಿಗ್ರಿಗಳವರೆಗೆ ಅರ್ಧದಲ್ಲೇ ನಿಲ್ಲುವಂತೆ ಮಾಡಿರುತ್ತಾರೆ, ಅದು ಅರ್ಧ ದಾಟಿತು ಎಂದರೆ ಆಗಲೇ ಸಾಕಷ್ಟು ಬಿಸಿಯಾಗಿದೆ ಎಂದರ್ಥ.

ಗ್ಯಾಸ್ಕೆಟ್‌ಗೆ, ಬೆಳಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಕೂಲೆಂಟ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ಗುಳ್ಳೆಗಳು ಒಂದೇ ಸಮನೆ ಬರುತ್ತಿದ್ದರೆ ಅನುಮಾನ. ಆಫ್ ಮಾಡಿ ಮುಚ್ಚಳ ಹಾಕಿ, ಮತ್ತೆ ಸ್ಟಾರ್ಟ್ ಮಾಡಿ. ನೀರು ಬಿಸಿಯಾಗುವ ಮುಂಚೆಯೇ ಮೇಲಿನ ಹೋಸ್ ಕಲ್ಲಾದರೂ ಅನುಮಾನ. ಆಯಿಲ್ ಕ್ಯಾಪ್ ಒಳಗೆ ಕಂದು ಕೆನೆ ಇದೆಯಾ, ಬಿಳಿ ಹೊಗೆ ನಿಲ್ಲದೆ ಬರುತ್ತಾ, ಎಲ್ಲೂ ಸೋರದೆ ಕೂಲೆಂಟ್ ಇಳಿಯುತ್ತಾ ನೋಡಿ. ಇವು ಯಾವುದೂ ಇಲ್ಲದಿದ್ದರೆ ಹೆಡ್ ಇಳಿಸುವ ಮಾತೇ ಬೇಡ.

ಕೂಲೆಂಟ್ ಖಂಡಿತ ಬದಲಾಯಿಸಿ. ನಮ್ಮ ಬೋರ್ ನೀರು ಬಹುತೇಕ ಗಡುಸು, ಪಾತ್ರೆಯಲ್ಲಿ ಕಟ್ಟುವ ಬಿಳಿ ಸುಣ್ಣವೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಹಳೆಯದನ್ನು ಇಳಿಸಿ, ಡಿಸ್ಟಿಲ್ಡ್ ನೀರು ಹಾಕಿ ಓಡಿಸಿ ಮತ್ತೆ ಇಳಿಸಿ, ಬರುವ ನೀರು ತಿಳಿಯಾಗುವವರೆಗೆ. ಆಮೇಲೆ ಮ್ಯಾನ್ಯುಯಲ್‌ನಲ್ಲಿ ಹೇಳಿದ ಬಗೆಯದ್ದನ್ನೇ ಅರ್ಧಕ್ಕರ್ಧ ಡಿಸ್ಟಿಲ್ಡ್ ನೀರಿನ ಜೊತೆ ಹಾಕಿ. ರೆಡಿಮಿಕ್ಸ್ ತಂದರೆ ನೀರು ಸೇರಿಸಬೇಡಿ. ಬಣ್ಣ ನೋಡಿ ಕೊಳ್ಳಬೇಡಿ, ಒಂದೇ ಬಣ್ಣದಲ್ಲಿ ಬೇರೆ ಬೇರೆ ಬಗೆ ಸಿಗುತ್ತವೆ.

ತುಂಬುವಾಗ ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೀಡ್ ಸ್ಕ್ರೂ ಇದ್ದರೆ ಸಡಿಲಿಸಿ ಗಾಳಿ ಹೊರಗೆ ಬಿಡಿ. ಎಂಜಿನ್ ಬಿಸಿಯಾದ ಮೇಲೂ ಹೀಟರ್ ತಣ್ಣನೆ ಗಾಳಿ ಕೊಟ್ಟರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಮರುದಿನ ಬೆಳಗ್ಗೆ ಮಟ್ಟ ನೋಡಿ. ಹೋಸ್‌ಗಳನ್ನು ಹಿಸುಕಿ, ಬಿರುಕು ಅಥವಾ ಮೆತ್ತಗಾದ ಊತ ಇದ್ದರೆ ಈಗಲೇ ಬದಲಾಯಿಸಿ, ಹೇಗೂ ನೀರು ಇಳಿಸಿರುತ್ತೀರಿ.

ಇಳಿಸಿದ ಕೂಲೆಂಟ್ ಬೇಸಿನ್ನಿನಲ್ಲಿ ತೆರೆದಿಡಬೇಡಿ, ಚರಂಡಿಗೂ ಬೇಡ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ. ನಾಯಿ ಬೆಕ್ಕು ನೆಕ್ಕಿದರೆ ಕಿಡ್ನಿ ಹೋಗಿ ಸಾಯುತ್ತವೆ. ಕ್ಯಾನಿಗೆ ಸುರಿದು ಬಿಗಿಯಾಗಿ ಮುಚ್ಚಿಟ್ಟು, ಹಳೇ ಆಯಿಲ್ ತೆಗೆದುಕೊಳ್ಳುವ ವರ್ಕ್‌ಶಾಪ್‌ನಲ್ಲಿ ಇದನ್ನೂ ತೆಗೆದುಕೊಳ್ಳುತ್ತಾರಾ ಕೇಳಿ ಕೊಡಿ.