ಕಂಪ್ಯೂಟರಿನ ಮುಂಭಾಗದ ಜಾಕ್‌ನಲ್ಲಿ ವಾದ್ಯ ಕೇಳುತ್ತದೆ, ಮಾತು ಮಾತ್ರ ಕೇಳುವುದಿಲ್ಲ

ಪ್ರಶ್ನೆ (ದಾವಣಗೆರೆಯಿಂದ)

ಎಲ್ಲರಿಗೂ ನಮಸ್ಕಾರ. ನಾನು ನಿವೃತ್ತ ಶಿಕ್ಷಕ. ಜಗಳೂರು ಸೀಮೆಯ ಹಿರಿಯರು ಮಳೆ, ಬಿತ್ತನೆ, ಹಬ್ಬಗಳ ಬಗ್ಗೆ ಹೇಳಿದ್ದನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು ಬಂದು, ಮನೆಯ ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳುತ್ತಾ ಬೆರಳಚ್ಚು ಮಾಡುತ್ತಿದ್ದೇನೆ. ಹಳೆಯ ಇಯರ್‌ಫೋನಿನ ಒಂದು ಕಿವಿ ನಿಂತುಹೋದ್ದರಿಂದ ಎರಡು ವಾರದ ಹಿಂದೆ ಮೈಕ್ ಇರುವ ಹೊಸದೊಂದನ್ನು ತಂದೆ. ಅದನ್ನು ಕ್ಯಾಬಿನೆಟ್ಟಿನ ಮುಂಭಾಗದ ಜಾಕ್‌ಗೆ ಚುಚ್ಚಿದರೆ ಮುದ್ರಿಸಿದ ಮಾತು ಆಳದ ಬಾವಿಯೊಳಗಿಂದ ಬಂದಂತೆ ಕ್ಷೀಣವಾಗಿ ಕೇಳುತ್ತದೆ. ಪರೀಕ್ಷೆಗೆಂದು ಒಂದು ಭಾವಗೀತೆ ಹಾಕಿದೆ; ತಬಲ, ಪಿಟೀಲು ಎರಡೂ ಕೇಳಿದವು, ಹಾಡುವವರ ಧ್ವನಿ ಮಾತ್ರ ಇಲ್ಲ. ಮುದ್ರಣಗಳೇ ಹಾಳಾದವೇನೋ ಎಂದು ಮೊದಲು ಗಾಬರಿಯಾಯಿತು, ಏಕೆಂದರೆ ಆ ಹಿರಿಯರಲ್ಲಿ ಇಬ್ಬರು ಈಗ ಇಲ್ಲ. ಆದರೆ ಅದೇ ಇಯರ್‌ಫೋನನ್ನು ಮೊಬೈಲಿಗೆ ಹಾಕಿದರೆ ಎಲ್ಲವೂ ಸ್ಪಷ್ಟವಾಗಿದೆ. ಹಿಂಭಾಗದಲ್ಲಿ ಸ್ಪೀಕರ್ ತೆಗೆದು ಆ ಹಸಿರು ಜಾಕ್‌ಗೆ ಹಾಕಿದರೂ ಸರಿಯಾಗಿದೆ. ಮೇಜು ಗೋಡೆಗೆ ಒತ್ತಿಕೊಂಡಿರುವುದರಿಂದ ಈ ವಯಸ್ಸಿನಲ್ಲಿ ದಿನವೂ ಅದರಡಿ ನುಸುಳಲು ನನ್ನಿಂದ ಆಗುವುದಿಲ್ಲ.

ಇನ್ನೊಂದು ಸಂಗತಿ ಹೇಳಬೇಕು. ಮೂರು ತಿಂಗಳ ಹಿಂದೆ ಒಂದು ಅಂಗಡಿಯಲ್ಲಿ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಬದಲಾಯಿಸಿದ ಮೇಲೆ ಮುಂದಿನ ಜಾಕ್ ಪೂರ್ತಿ ನಿಂತಿತ್ತು. ಅವರೇ ಮನೆಗೆ ಬಂದು ಸೌಂಡ್ ಸಾಫ್ಟ್‌ವೇರ್‌ನಲ್ಲಿ ಏನನ್ನೋ ಟಿಕ್ ಮಾಡಿದರು, ಶಬ್ದ ಬಂತು. ಅಂದಿನಿಂದ ಇಯರ್‌ಫೋನ್ ಚುಚ್ಚಿದರೂ ಸ್ಪೀಕರ್ ತಾನಾಗಿ ನಿಲ್ಲುವುದಿಲ್ಲ. ಈಗ ಅದೇ ಅಂಗಡಿಯವರು ಮದರ್‌ಬೋರ್ಡಿನ ಸೌಂಡ್ ಭಾಗ ಹೋಗಿದೆ, ಬೋರ್ಡನ್ನೇ ಬದಲಿಸಬೇಕು ಎನ್ನುತ್ತಿದ್ದಾರೆ. ನಮ್ಮ ಮನೆ ಮಂಡಕ್ಕಿ ಭಟ್ಟಿಗಳ ಹತ್ತಿರವಿದ್ದು, ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಸಂಜೆಗೆ ಮಸಿ ಕೂತಿರುತ್ತದೆ. ಹತ್ತಿ ಸುತ್ತಿದ ಕಡ್ಡಿಯಿಂದ ಜಾಕ್ ಒರೆಸಿದೆ, ಫಲವಿಲ್ಲ. ಬೋರ್ಡು ಬದಲಿಸಲೇಬೇಕೇ?

ಉತ್ತರ (ದಾವಣಗೆರೆ, ವಿದ್ಯಾನಗರದಿಂದ)

ಸರ್, ರಿಯಲ್‌ಟೆಕ್ ಕಂಪನಿಯ ಹಳೆಯ ಸೌಂಡ್ ಸಾಫ್ಟ್‌ವೇರ್‌ನಲ್ಲಿ ಹಾಡುವವರ ಧ್ವನಿಯನ್ನು ತೆಗೆದುಹಾಕುವ ‘ವಾಯ್ಸ್ ಕ್ಯಾನ್ಸಲೇಶನ್’ ಎಂಬ ಆಯ್ಕೆಯೊಂದಿದೆ. ಅಂಗಡಿಯವರು ಕೈಯಾಡಿಸಿದಾಗ ಅದು ಚಾಲೂ ಆಗಿರಬಹುದು. ಒಮ್ಮೆ ನೋಡಿ.

ಕೇಳಿದವರ ಮರುಮಾತು

ನೋಡಿದೆ ಸರ್, ಅದು ಚಾಲೂ ಆಗಿಲ್ಲ.

ಉತ್ತರ (ಚಿತ್ರದುರ್ಗದಿಂದ)

ಮೇಷ್ಟ್ರೇ, ದಯವಿಟ್ಟು ಬೋರ್ಡು ಬದಲಿಸಬೇಡಿ. ಸೌಂಡ್ ಭಾಗ ಹೋಗಿದ್ದರೆ ಹಿಂದಿನ ಜಾಕ್‌ನಲ್ಲಿ ಶಬ್ದ ಇಷ್ಟು ಶುದ್ಧವಾಗಿ ಬರುತ್ತಿರಲಿಲ್ಲ. ವಾದ್ಯ ಉಳಿದು ಧ್ವನಿ ಮಾತ್ರ ಹೋಗುವುದು ಬಹುಮಟ್ಟಿಗೆ ಒಂದೇ ದೋಷದ ಗುರುತು: ಎಡ, ಬಲ ಎರಡೂ ಕಿವಿಗಳಿಗೆ ಸೇರಿದ ಗ್ರೌಂಡ್ ಸಂಪರ್ಕ ತಪ್ಪಿದೆ.

ಎಡಗಿವಿಗೆ ಹೋದ ಸಿಗ್ನಲ್ ಗ್ರೌಂಡ್ ಮೂಲಕ ವಾಪಸ್ ಬರಬೇಕು, ಬಲಗಿವಿಯದೂ ಹಾಗೆಯೇ. ಗ್ರೌಂಡ್ ಕಡಿದಾಗ ಎರಡು ಕಿವಿಗಳೂ ಸರಣಿಯಲ್ಲಿ ಜೋಡಿಸಿದಂತಾಗಿ, ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸವಷ್ಟೇ ಕೇಳಿಸುತ್ತದೆ. ಹಾಡುಗಳಲ್ಲಿ ಗಾಯಕರ ಧ್ವನಿಯನ್ನು ಸಾಮಾನ್ಯವಾಗಿ ಮಧ್ಯದಲ್ಲಿ, ಅಂದರೆ ಎರಡೂ ಕಡೆ ಸಮನಾಗಿ ಇಟ್ಟಿರುತ್ತಾರೆ. ಸಮನಾದದ್ದು ಒಂದನ್ನೊಂದು ಅಳಿಸಿಬಿಡುತ್ತದೆ, ಅಕ್ಕಪಕ್ಕದಲ್ಲಿ ಇಟ್ಟ ವಾದ್ಯಗಳು ಉಳಿಯುತ್ತವೆ. ನಿಮ್ಮ ಮುದ್ರಣಗಳು ಬಹುಶಃ ಮೋನೋ ಆಗಿದ್ದು, ಎರಡೂ ಕಿವಿಗೆ ಒಂದೇ ಸಿಗ್ನಲ್ ಬರುತ್ತಿದೆ. ಅದರಿಂದಲೇ ಅವು ಬಹುಮಟ್ಟಿಗೆ ಮಾಯವಾದಂತೆ ತೋರಿದವು. ಮುದ್ರಣಗಳಿಗೆ ಏನೂ ಆಗಿಲ್ಲ, ಆ ಬಗ್ಗೆ ನಿಶ್ಚಿಂತೆಯಿಂದಿರಿ.

ಎರಡು ವಿಷಯ ನೋಡಿ ತಿಳಿಸಿ. ಹಳೆಯ ಮತ್ತು ಹೊಸ ಇಯರ್‌ಫೋನಿನ ಪಿನ್ನುಗಳನ್ನು ಬೆಳಕಿನಲ್ಲಿ ಪಕ್ಕಪಕ್ಕದಲ್ಲಿ ಹಿಡಿದು ಲೋಹದ ಮೇಲಿರುವ ಕಪ್ಪು ಉಂಗುರಗಳನ್ನು ಎಣಿಸಿ. ಆಮೇಲೆ ಹೊಸದನ್ನು ಮುಂದಿನ ಜಾಕ್‌ಗೆ ಹಾಕಿ, ಹಾಡು ನಡೆಯುತ್ತಿರುವಾಗ ಅದರ ವೈರಿನ ಮೇಲಿರುವ ಕರೆ ಸ್ವೀಕರಿಸುವ ಗುಂಡಿಯನ್ನು ಒತ್ತಿ ಹಿಡಿದುಕೊಳ್ಳಿ.

ಕೇಳಿದವರ ಮರುಮಾತು

ಹಳೆಯದರಲ್ಲಿ ಎರಡು ಉಂಗುರ, ಹೊಸದರಲ್ಲಿ ಮೂರು. ಗುಂಡಿ ಒತ್ತಿದ ಕೂಡಲೇ ಧ್ವನಿ ಕಿವಿಯ ಹತ್ತಿರಕ್ಕೆ ಬಂದುಬಿಟ್ಟಿತು ಸರ್! ಬಿಟ್ಟರೆ ಮತ್ತೆ ಬಾವಿಯೊಳಕ್ಕೆ. ಪಿನ್ನನ್ನು ಕೂದಲೆಳೆಯಷ್ಟು ಹೊರಗೆ ಎಳೆದರೂ ಸರಿಯಾಗುತ್ತದೆ, ಆದರೆ ನಿಲ್ಲುವುದಿಲ್ಲ.

ಉತ್ತರ (ಚಿತ್ರದುರ್ಗದಿಂದ)

ಹಾಗಾದರೆ ರೋಗ ಸಿಕ್ಕಿತು. ಎರಡೂ 3.5 ಮಿಲಿಮೀಟರ್ ಪಿನ್ನುಗಳೇ, ಗಾತ್ರದಲ್ಲಿ ವ್ಯತ್ಯಾಸವಿಲ್ಲ. ಎರಡು ಉಂಗುರದ ಪಿನ್ನಿನಲ್ಲಿ ಮೂರು ಲೋಹದ ಭಾಗಗಳಿವೆ: ತುದಿ ಎಡಗಿವಿಗೆ, ನಡುವಿನದು ಬಲಗಿವಿಗೆ, ಬುಡ ಗ್ರೌಂಡಿಗೆ. ಮೊಬೈಲಿಗಾಗಿ ಮಾಡಿದ ಮೂರು ಉಂಗುರದ ಪಿನ್ನಿನಲ್ಲಿ ನಾಲ್ಕು ಭಾಗಗಳಿದ್ದು, ಈಗ ಹೆಚ್ಚು ಬಳಕೆಯಲ್ಲಿರುವ ಕ್ರಮದಲ್ಲಿ ಬುಡದ ಭಾಗ ಮೈಕಿಗೆ ಹೋಗಿ, ಅದರ ಮೇಲಿನದು ಗ್ರೌಂಡ್ ಆಗಿರುತ್ತದೆ. ನಿಮ್ಮ ಮುಂದಿನ ಜಾಕ್ ಮೂರು ಭಾಗದ ಪಿನ್ನಿಗಾಗಿ ಮಾಡಿದ್ದು. ಅದರ ಗ್ರೌಂಡ್ ಪತ್ತಿ (ಪಿನ್ನನ್ನು ಮುಟ್ಟುವ ಒಳಗಿನ ಲೋಹದ ಪಟ್ಟಿ) ಬುಡವನ್ನು ಮುಟ್ಟಿದಾಗ ಹೊಸ ಇಯರ್‌ಫೋನಿನಲ್ಲಿ ಸಿಗುವುದು ಮೈಕು. ಗುಂಡಿ ಒತ್ತಿದಾಗ ಮೈಕಿನ ವೈರು ಗ್ರೌಂಡಿಗೆ ಸೇರಿಕೊಳ್ಳುವಂತೆ ಇಯರ್‌ಫೋನಿನಲ್ಲೇ ಏರ್ಪಾಡಿರುವುದರಿಂದ ಆ ಗಳಿಗೆಯಲ್ಲಿ ಧ್ವನಿ ಮರಳುತ್ತದೆ. ಹಿಂದಿನ ಜಾಕ್‌ನಲ್ಲಿ ಪತ್ತಿ ಸ್ವಲ್ಪ ಒಳಗೆ ಕೂತಿದ್ದು ಸರಿಯಾದ ಭಾಗವನ್ನೇ ಮುಟ್ಟುತ್ತಿರಬೇಕು.

ಪರಿಹಾರ ಚಿಕ್ಕದು. ಒಂದು ಕಡೆ ನಾಲ್ಕು ಭಾಗದ ಪಿನ್ನಿಗೆ ತೂತು, ಇನ್ನೊಂದು ಕಡೆ ಎರಡು ಪಿನ್ನುಗಳಿರುವ ಕವಲು ವೈರನ್ನು ಕೇಳಿ ತನ್ನಿ. ಅಂಗಡಿಯಲ್ಲಿ ಅದಕ್ಕೆ ಸ್ಪ್ಲಿಟರ್ ಎನ್ನುತ್ತಾರೆ. ಒಂದೇ ಪಿನ್ನಿನಿಂದ ಎರಡು ಇಯರ್‌ಫೋನ್ ಹಾಕುವ ಸ್ಪ್ಲಿಟರ್ ಬೇರೆ, ನೋಡಲು ಅದರಂತೆಯೇ ಇರುತ್ತದೆ. ಅದನ್ನು ತಂದರೆ ಪ್ರಯೋಜನವಿಲ್ಲ. ಪಿನ್ನುಗಳ ಮೇಲೆ ಹೆಡ್‌ಫೋನಿನದೊಂದು, ಮೈಕಿನದೊಂದು ಚಿತ್ರವಿರುವುದನ್ನು ನೋಡಿ ತೆಗೆದುಕೊಳ್ಳಿ.

ಸ್ಪೀಕರ್ ನಿಲ್ಲದಿರುವುದು ಬೇರೆಯದೇ ದೋಷ. ನೀವು ಬರೆದದ್ದನ್ನು ಓದಿದರೆ ಎಸ್‌ಎಂಪಿಎಸ್ ಬದಲಿಸಿದ ದಿನ ಮುಂಭಾಗದ ಆಡಿಯೊ ವೈರನ್ನು ತೆಗೆದು ತಪ್ಪಾಗಿ ಜೋಡಿಸಿದ್ದಾರೆ ಎಂದು ನನಗೆ ಅನ್ನಿಸುತ್ತದೆ. ಹಲವು ಕ್ಯಾಬಿನೆಟ್ಟುಗಳಲ್ಲಿ ಆ ವೈರಿಗೆ ಎರಡು ತಲೆಗಳಿರುತ್ತವೆ: ಒಂದರ ಮೇಲೆ ಎಸಿ 97 ಎಂದೂ ಇನ್ನೊಂದರ ಮೇಲೆ ಎಚ್‌ಡಿ ಆಡಿಯೊ ಎಂದೂ ಬರೆದಿರುತ್ತದೆ. ಇಂಟೆಲ್ ಕಂಪನಿ 1997ರಲ್ಲಿ ತಂದ ಕ್ರಮ ಮೊದಲನೆಯದು, 2004ರಲ್ಲಿ ಅದರ ಜಾಗಕ್ಕೆ ತಂದದ್ದು ಎರಡನೆಯದು. ಎರಡೂ ತಲೆಗಳು ಬೋರ್ಡಿನ ಒಂದೇ ಜಾಗದಲ್ಲಿ ಕೂರುತ್ತವೆ, ಆದರೆ ಪಿನ್ ಚುಚ್ಚಿದ್ದನ್ನು ಬೋರ್ಡಿಗೆ ಸರಿಯಾಗಿ ತಿಳಿಸುವ ವೈರುಗಳು ಇರುವುದು ಎಚ್‌ಡಿ ಆಡಿಯೊ ತಲೆಯಲ್ಲಿ. ಎಸಿ 97 ಕೂರಿಸಿದರೆ ಬೋರ್ಡಿಗೆ ಇಯರ್‌ಫೋನ್ ಬಂದದ್ದು ಗೊತ್ತಾಗುವುದಿಲ್ಲ. ಅಂಗಡಿಯವರು ಟಿಕ್ ಮಾಡಿದ್ದು ಜಾಕ್ ಗುರುತಿಸುವುದನ್ನೇ ನಿಲ್ಲಿಸುವ ಆಯ್ಕೆಯಾಗಿರಬೇಕು. ಶಬ್ದ ಬಂತು, ಮೂಲ ದೋಷ ಒಳಗೇ ಉಳಿಯಿತು.

ಕ್ಯಾಬಿನೆಟ್ ತೆರೆಯುವ ಮೊದಲು ಗೋಡೆಯ ಸ್ವಿಚ್ ಆರಿಸಿ, ವಿದ್ಯುತ್ ವೈರನ್ನು ಹಿಂದಿನಿಂದ ಕಳಚಿ, ಪವರ್ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿಯಿರಿ. ಬೋರ್ಡಿಗೆ ಕೈಹಾಕುವ ಮುನ್ನ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ. ಆಡಿಯೊ ಪಿನ್ನುಗಳು ಸಾಮಾನ್ಯವಾಗಿ ಬೋರ್ಡಿನ ಕೆಳಗಿನ ಎಡ ಮೂಲೆಯಲ್ಲಿ ಎರಡು ಸಾಲಾಗಿ ಇರುತ್ತವೆ. ಹತ್ತರ ಜಾಗದಲ್ಲಿ ಒಂಬತ್ತೇ ಪಿನ್ನು, ಎಂಟನೆಯದರ ಜಾಗ ಖಾಲಿ. ಯುಎಸ್‌ಬಿಯದಕ್ಕೂ ಒಂಬತ್ತೇ ಪಿನ್ನು, ಖಾಲಿ ಜಾಗ ಮಾತ್ರ ಮೂಲೆಯಲ್ಲಿರುತ್ತದೆ. ಆದ್ದರಿಂದ ಯಾವುದನ್ನೂ ಬಲವಂತವಾಗಿ ಒತ್ತಬೇಡಿ. ಎಸಿ 97 ತೆಗೆದು ಎಚ್‌ಡಿ ಆಡಿಯೊ ಕೂರಿಸಿದ ಮೇಲೆ ಸಾಫ್ಟ್‌ವೇರ್‌ನ ಆ ಟಿಕ್ಕನ್ನೂ ತೆಗೆಯಬೇಕು, ಇಲ್ಲದಿದ್ದರೆ ಫಲ ಕಾಣುವುದಿಲ್ಲ.

ಮಸಿಯ ವಿಷಯ: ಈ ದೋಷಕ್ಕೆ ಅದು ಕಾರಣವಲ್ಲ, ಆದರೂ ಭಟ್ಟಿಯ ಪಕ್ಕದಲ್ಲಿ ಜಾಕ್‌ಗಳು ಬೇಗ ಕೊಳೆಯಾಗಿ ಕರಕರ ಸದ್ದು ಶುರುವಾಗುತ್ತದೆ. ಹತ್ತಿಯ ಎಳೆ ಒಳಗೆ ಸಿಕ್ಕಿಕೊಳ್ಳಬಹುದು, ಸೂಜಿ ಹಾಕಿದರೆ ಪತ್ತಿ ಬಗ್ಗುತ್ತದೆ, ಬಾಯಿಂದ ಊದಿದರೆ ತೇವ ಸೇರುತ್ತದೆ. ಕಂಪ್ಯೂಟರ್ ಆರಿಸಿ, ಪಿನ್ನಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ತುಸು ಸವರಿ ನಾಲ್ಕೈದು ಸಲ ಹಾಕಿ ತೆಗೆದು, ಪೂರ್ತಿ ಆರುವ ತನಕ ಬಿಡಿ.

ಕೇಳಿದವರ ಮರುಮಾತು

ಸ್ಪ್ಲಿಟರ್ ತಂದೆ ಸರ್. ಅಂಗಡಿಯವರು ಮೊದಲು ಕೊಟ್ಟದ್ದು ನೀವು ಬೇಡವೆಂದ ಬಗೆಯದೇ, ಚಿತ್ರ ನೋಡಿ ಬದಲಿಸಿಕೊಂಡೆ. ನಿನ್ನೆ ಸಂಜೆ ಎದುರು ಮನೆಯ ಹುಡುಗನ ಜೊತೆ ಕ್ಯಾಬಿನೆಟ್ ತೆರೆದಾಗ ಎಸಿ 97 ತಲೆ ಬೋರ್ಡಿನಲ್ಲಿ ಕೂತಿತ್ತು, ಎಚ್‌ಡಿ ಆಡಿಯೊ ತಲೆ ಬೇರೆ ವೈರುಗಳ ಜೊತೆ ಕಟ್ಟಿನೊಳಗೆ ಬಿಗಿದುಕೊಂಡಿತ್ತು. ಕಟ್ಟು ಕತ್ತರಿಸಿ ಬದಲಿಸಿದೆವು, ಟಿಕ್ಕನ್ನೂ ತೆಗೆದೆವು. ಈಗ ಪಿನ್ ಚುಚ್ಚಿದ ಕೂಡಲೇ ಸ್ಪೀಕರ್ ನಿಲ್ಲುತ್ತದೆ. ರಾತ್ರಿ ಒಬ್ಬ ಅಜ್ಜಿಯ ಮುದ್ರಣವನ್ನು ಮೊದಲಿಂದ ಹಾಕಿದೆ. ರೋಹಿಣಿ ಮಳೆಯ ಬಗ್ಗೆ ಹೇಳುತ್ತಾ ನಡುವೆ ಅವರು ಎಲೆ ಅಡಿಕೆ ಕುಟ್ಟುವ ಸದ್ದೂ ಕೇಳಿಸಿತು. ಮೊದಲಿನ ಬೆರಳಚ್ಚಿನಲ್ಲಿ ನಾನು ಬಿಟ್ಟಿದ್ದ ಮೂರು ಪದಗಳೂ ಸಿಕ್ಕಿದವು. ನಿಮಗೆ ತುಂಬಾ ಉಪಕಾರವಾಯಿತು ಸರ್.