ರಾತ್ರಿ ಹನ್ನೊಂದಕ್ಕೆ ಶುರುವಾಗುವ ಗುಂಯ್: ರೈಸ್ ಮಿಲ್ ಹಿಂದಿನ ಮನೆಯವರು ಏನು ಮಾಡಬೇಕು?

ಶಿರಾಗೇಟ್ ಸೊಸೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಶಿರಾ ಗೇಟ್ ದಾಟಿ, ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಅಂಚಿನಲ್ಲಿ ನಮ್ಮ ಮನೆ. ಕಟ್ಟಿ ನಾಲ್ಕು ವರ್ಷ ಆಯಿತು, ಸಾಲ ಇನ್ನೂ ಹದಿನಾರು ವರ್ಷ ಇದೆ. ಹಿಂದೆ ಮೂರು ಖಾಲಿ ಸೈಟು, ಅದರಾಚೆ ಒಂದು ರೈಸ್ ಮಿಲ್. ಅವರ ಬಾಯ್ಲರ್ ಚಿಮಣಿಗೂ ನಮ್ಮ ಅಡುಗೆಮನೆ ಕಿಟಕಿಗೂ ಸುಮಾರು 120 ಮೀಟರ್.

ಹಗಲು ತೊಂದರೆ ಇಲ್ಲ. ಹೈವೇ ಲಾರಿಗಳ ಸದ್ದಿನಲ್ಲಿ ಎಲ್ಲ ಮುಚ್ಚಿಹೋಗುತ್ತದೆ. ರಾತ್ರಿ ಹನ್ನೊಂದಾದ ಮೇಲೆ ಒಂದೇ ಸಮ ಗುಂಯ್ ಅಂತ ಶುರು. ಜೋರು ಸದ್ದಲ್ಲ, ಅದೇ ಕಷ್ಟ. ಯಾರಿಗಾದರೂ ಹೇಳಿದರೆ "ಇಷ್ಟೇನಾ?" ಅನ್ನುತ್ತಾರೆ. ಅತ್ತೆ ಮಾತ್ರ "ಯಾರೋ ತಲೆಯೊಳಗೆ ರಾಗಿ ಬೀಸಿದ ಹಾಗಿದೆ" ಅಂತ ಎರಡು ಗಂಟೆಗೆ ಎದ್ದು ಕೂರುತ್ತಾರೆ. ಅಡುಗೆಮನೆಯಲ್ಲಿ ಸ್ಟೀಲ್ ಬಿಂದಿಗೆಯ ಮುಚ್ಚಳ ಸಣ್ಣಗೆ ಅದುರುತ್ತದೆ. ಬೆರಳಿಟ್ಟರೆ ನಿಲ್ಲುತ್ತದೆ, ತೆಗೆದರೆ ಮತ್ತೆ ಶುರು.

ಫೋನಿನ ಆ್ಯಪ್‌ನಲ್ಲಿ ಅಳೆದೆ. ತಾರಸಿ ಮೇಲೆ 58 ಡೆಸಿಬಲ್. ಕಿಟಕಿ ಹಾಕಿದ ಮಲಗುವ ಕೋಣೆಯಲ್ಲಿ 39. "39 ಅಂದರೆ ನಮ್ಮ ಫ್ರಿಜ್ಜಿನ ಸದ್ದು ಕಣೆ, ಸುಮ್ನೆ ಮಲಗು" ಅಂತ ಯಜಮಾನರು. ಹೋದ ವಾರ ಕರೆಂಟ್ ಹೋದಾಗ ಓಡಿಹೋಗಿ ತಾರಸಿಯಲ್ಲಿ ನೋಡಿದೆ, 44. ಹತ್ತು ನಿಮಿಷಕ್ಕೆ ಅವರ ಜನರೇಟರ್ ಶುರುವಾಯಿತು, ಮತ್ತೆ ಅದೇ ಕಥೆ.

ಫೋನ್ ಅಳತೆಗೆ ಬೆಲೆ ಇದೆಯಾ? ಕಾಂಪೌಂಡ್ ಎತ್ತರಿಸಿದರೆ, ಬೇಲಿಗುಂಟ ಮರ ಹಾಕಿದರೆ ಕಡಿಮೆ ಆಗುತ್ತಾ? ದೂರು ಕೊಡಬಹುದು, ಆದರೆ ಮಿಲ್‌ನವರು ಕೆಟ್ಟವರಲ್ಲ. ನಮ್ಮ ಬೋರ್ ಕೆಟ್ಟಾಗ ಎರಡು ವಾರ ನೀರು ಕೊಟ್ಟಿದ್ದಾರೆ. ಜಗಳ ಇಲ್ಲದೆ ಆಗುವ ದಾರಿ ಇದ್ದರೆ ಹೇಳಿ.

ಹಳೇ ಫಿಟ್ಟರ್

ಅಮ್ಮಾ, ನಿಮ್ಮ ಯಜಮಾನರೂ ಸುಳ್ಳು ಹೇಳುತ್ತಿಲ್ಲ, ನಿಮ್ಮ ಅತ್ತೆಯೂ ಹೇಳುತ್ತಿಲ್ಲ. ನಾನು 31 ವರ್ಷ ಫ್ಯಾನು, ಬ್ಲೋವರು, ಪಂಪು ರಿಪೇರಿ ಮಾಡಿ ರಿಟೈರ್ ಆದವನು. ಎಡಕಿವಿ ಆ ಕೆಲಸಕ್ಕೇ ಹೋಯಿತು. ಕುಕ್ಕರ್ ಎಷ್ಟು ಸಲ ಕೂಗಿತು ಅಂತ ಮನೆಯವಳು ಕೇಳಿದರೆ ಈಗ ನನಗೆ ಗೊತ್ತಾಗುವುದಿಲ್ಲ. ಆದರೆ ಗುಂಯ್ ಅನ್ನೋದು ಮಾತ್ರ ಚೆನ್ನಾಗಿ ಕೇಳಿಸುತ್ತದೆ. ಹಾಳಾಗುವುದು ಮೊದಲು ಕೀರಲು ಸದ್ದು ಕೇಳುವ ಶಕ್ತಿ.

ನಿಮ್ಮ ಮೀಟರ್ ತೋರಿಸುವುದು ಡಿಬಿ-ಎ. ನಮ್ಮ ಕಿವಿಗೆ ದಪ್ಪ ಸದ್ದು, ಅಂದರೆ ಗುಂಯ್ ಅನ್ನುವಂಥ ತಗ್ಗು ಸ್ವರದ ಸದ್ದು, ಕಡಿಮೆ ಕೇಳಿಸುತ್ತದೆ ಅಂತ ಆ ಲೆಕ್ಕದಲ್ಲಿ ದಪ್ಪ ಸದ್ದನ್ನು ಕಳೆದೇ ತೋರಿಸುತ್ತಾರೆ. 125 ಹರ್ಟ್ಜ್ (ಸೆಕೆಂಡಿಗೆ 125 ಅದುರು) ಹತ್ತಿರ ಸುಮಾರು 16 ಡೆಸಿಬಲ್ ಕಳೆಯುತ್ತದೆ. ಹಾಗಾಗಿ 39 ಅಂದಮಾತ್ರಕ್ಕೆ ಫ್ರಿಜ್ ಅಲ್ಲ. ಆ್ಯಪ್‌ನಲ್ಲಿ 'ಸಿ' ಅಂತ ಇನ್ನೊಂದು ಆಯ್ಕೆ ಇದ್ದರೆ ಒತ್ತಿ ನೋಡಿ. ಎ ಮತ್ತು ಸಿ ಮಧ್ಯೆ 15–20 ವ್ಯತ್ಯಾಸ ಬಂದರೆ ನಿಮ್ಮನೆಗೆ ಬರುತ್ತಿರುವುದು ದಪ್ಪ ಸದ್ದು. ಗೋಡೆ, ಕಿಟಕಿ ಕೀರಲು ಸದ್ದನ್ನು ತಡೆಯುತ್ತವೆ, ಇದನ್ನು ಅಷ್ಟಾಗಿ ತಡೆಯುವುದಿಲ್ಲ. ಕಿಟಕಿ ಹಾಕಿದರೆ ಬೇರೆ ಸದ್ದೆಲ್ಲ ಹೋಗಿ ಇದೊಂದೇ ಉಳಿಯುತ್ತದೆ, ಇನ್ನೂ ಹಿಂಸೆ.

ಯಾವ ಮೆಷಿನ್ ಅಂತ ಕಂಡುಹಿಡಿಯಿರಿ, ಮಿಕ್ಕಿದ್ದೆಲ್ಲ ಆಮೇಲೆ. ಇಡೀ ಮಿಲ್ ಸದ್ದು ಮಾಡುತ್ತೆ ಅಂದುಕೊಳ್ಳುತ್ತೇವೆ, ಆದರೆ ದೂರಕ್ಕೆ ಬಂದು ಕಾಡುವುದು ಸಾಮಾನ್ಯವಾಗಿ ಒಂದೇ. ಬತ್ತದ ಎಲಿವೇಟರ್, ಶೆಲ್ಲರ್ ಎಲ್ಲ ಗಲಾಟೆ ಮಾಡುತ್ತವೆ, ಶೆಡ್ಡಿನೊಳಗೇ ಮುಗಿಯುತ್ತವೆ. ರಾತ್ರಿ ಒಂದೇ ಸಮ ಗುಂಯ್ ಅಂದರೆ ನನಗೆ ಅನುಮಾನ ಬಾಯ್ಲರಿನ ಐಡಿ ಫ್ಯಾನ್ ಮೇಲೆ. ಚಿಮಣಿಗೆ ಹೊಗೆ ಎಳೆಯುವ ಫ್ಯಾನು. ಸ್ಟೀಮ್ ಅಕ್ಕಿ ಮಾಡುವ ಮಿಲ್ಲಾದರೆ ರಾತ್ರಿಯೂ ಓಡಿಸಲೇಬೇಕು. ನೆನೆಸಿದ ಬತ್ತವನ್ನು ಬೆಳಗಿನ ತನಕ ಬಿಟ್ಟರೆ ಹುಳಿವಾಸನೆ ಬರುತ್ತದೆ.

ಗ್ಯಾರಂಟಿ ಮಾಡಿಕೊಳ್ಳಲು ಒಂದು ಲೆಕ್ಕ. ಫ್ಯಾನ್ ನಿಮಿಷಕ್ಕೆ ಎಷ್ಟು ಸುತ್ತು, ಎಷ್ಟು ಎಲೆ (ಬ್ಲೇಡ್) ಅಂತ ಕೇಳಿ. ಬೆಲ್ಟ್ ಇದ್ದರೆ ಮೋಟರ್ ಸುತ್ತಲ್ಲ, ಫ್ಯಾನ್ ಪುಲ್ಲಿಯ ಸುತ್ತು ಬೇಕು. 960 ಸುತ್ತು, 8 ಎಲೆ ಅಂತಿಟ್ಟುಕೊಳ್ಳಿ. 960ನ್ನು 60ರಿಂದ ಭಾಗಿಸಿ 8ರಿಂದ ಗುಣಿಸಿದರೆ 128. ಫೋನಿನಲ್ಲಿ ಸ್ಪೆಕ್ಟ್ರಮ್, ಅಂದರೆ ಯಾವ ಹರ್ಟ್ಜ್‌ನಲ್ಲಿ ಎಷ್ಟು ಸದ್ದು ಅಂತ, ತೋರಿಸುವ ಆ್ಯಪ್ ಹಾಕಿ, ಕೋಣೆಯಲ್ಲಿ 128 ಹತ್ತಿರ ಒಂದು ಗೀಟು ಎದ್ದು ನಿಂತಿದೆಯಾ ನೋಡಿ. ನಿಂತಿದ್ದರೆ ಕಳ್ಳ ಸಿಕ್ಕಿದ. ಇದಕ್ಕೆ ಫೋನ್ ಸಾಕು. ಡೆಸಿಬಲ್ ಲೆಕ್ಕದಲ್ಲಿ ಫೋನ್ ಐದಾರು ಹೆಚ್ಚುಕಮ್ಮಿ ಹೇಳಬಹುದು, ಹರ್ಟ್ಜ್ ಲೆಕ್ಕದಲ್ಲಿ ತಪ್ಪುವುದು ಕಡಿಮೆ.

ಕಾಂಪೌಂಡ್ ಬೇಡ. ಸದ್ದಿನ ಬಾಯಿ ಚಿಮಣಿ ಮೇಲಿದ್ದರೆ ಹತ್ತಡಿ ಗೋಡೆ ಅದಕ್ಕೆ ಕಾಣಿಸುವುದೇ ಇಲ್ಲ. ಮರ ಹಾಕಿ, ನೆರಳಿಗೆ ಒಳ್ಳೆಯದು. ಒಂದು ಸಾಲು ಮರಕ್ಕೆ ಡೆಸಿಬಲ್ ಇಳಿಯುವುದಿಲ್ಲ.

ಇನ್ನು ಮುಖ್ಯ ವಿಷಯ. ಮಾಲೀಕರ ಹತ್ತಿರ ಡೆಸಿಬಲ್ ಮಾತಾಡಬೇಡಿ, ಕರೆಂಟ್ ಬಿಲ್ ಮಾತಾಡಿ. ನಾನು ನೋಡಿದ ಎಷ್ಟೋ ಕಡೆ ಫ್ಯಾನ್ ಫುಲ್ ಸ್ಪೀಡಿನಲ್ಲಿ ತಿರುಗುತ್ತಿರುತ್ತದೆ, ಗಾಳಿ ಜಾಸ್ತಿ ಆಯಿತು ಅಂತ ಡ್ಯಾಂಪರ್ (ಗಾಳಿ ದಾರಿಗೆ ಅಡ್ಡ ಇರುವ ತಗಡಿನ ಬಾಗಿಲು) ಅರ್ಧ ಮುಚ್ಚಿರುತ್ತಾರೆ. ಆಕ್ಸಿಲರೇಟರ್ ಒತ್ತಿಕೊಂಡೇ ಬ್ರೇಕ್ ಹಿಡಿದ ಹಾಗೆ. ಡ್ಯಾಂಪರ್ ತೆರೆದು, ಮೋಟರಿಗೆ ಅದರ ಸ್ಪೀಡ್ ಹೆಚ್ಚುಕಮ್ಮಿ ಮಾಡುವ ವಿಎಫ್‌ಡಿ ಡ್ರೈವ್ ಹಾಕಿ ಸ್ಪೀಡನ್ನು ನೂರಕ್ಕೆ 80 ಮಾಡಿದರೆ ಸದ್ದು ಸುಮಾರು 5 ಡೆಸಿಬಲ್ ಇಳಿಯುತ್ತದೆ, ಫ್ಯಾನ್ ಎಳೆಯುವ ಪವರ್ ಹತ್ತಿರಹತ್ತಿರ ಅರ್ಧಕ್ಕೆ ಬರುತ್ತದೆ. ಮಾಲೀಕರಿಗೆ ಈ ಅರ್ಧ ಅನ್ನುವ ಮಾತು ಮಾತ್ರ ಕೇಳಿಸುತ್ತದೆ, ಅಷ್ಟು ಸಾಕು.

ಎಲೆ ತೊಳೆದು ಎಷ್ಟು ದಿನ ಆಯಿತು ಅಂತಲೂ ಕೇಳಿ. ಹೊಟ್ಟಿನ ಬೂದಿ ಎಲೆಗೆ ಮೆತ್ತಿಕೊಂಡರೆ ತೂಕ ಒಂದು ಕಡೆ ವಾಲುತ್ತದೆ. ಆಗ ಫ್ಯಾನ್ ಅದುರಿ, ಅದರ ಜೊತೆ ಡಕ್ಟಿನ ತಗಡೂ ಹಾಡುತ್ತದೆ.

ವಕೀಲರ ಗುಮಾಸ್ತ, ಚಿಕ್ಕಬಳ್ಳಾಪುರ

ಫಿಟ್ಟರ್ ಸಾರ್ ಹೇಳಿದ್ದು ಮೊದಲು ಮಾಡಿ. ಆದರೂ ಕಾಗದ ಗೊತ್ತಿರಲಿ.

2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45. ಕೈಗಾರಿಕಾ ಪ್ರದೇಶಕ್ಕೆ 75 ಮತ್ತು 70. ರಾತ್ರಿ ಅಂದರೆ ಹತ್ತರಿಂದ ಬೆಳಗಿನ ಆರು. ಮಿತಿಗಿಂತ 10 ಡೆಸಿಬಲ್ ಅಥವಾ ಅದಕ್ಕೂ ಮೇಲೆ ಹೋದರೆ ದೂರು ಕೊಡಬಹುದು ಅಂತ 7ನೇ ನಿಯಮ ಹೇಳುತ್ತದೆ. ನಿಮ್ಮ 58 ನಿಜವಾದರೆ 13 ಜಾಸ್ತಿ. ಮಿಲ್ ನಿಂತಾಗ 44 ಬಂತು ಅಂದಿರಲ್ಲ, ಅದು ಬಹಳ ಒಳ್ಳೆಯ ಕೆಲಸ. ವ್ಯತ್ಯಾಸ 10ಕ್ಕಿಂತ ಜಾಸ್ತಿ ಇರುವುದರಿಂದ "ಅದು ಹೈವೇ ಸದ್ದು" ಅಂತ ತಳ್ಳಿಹಾಕಲು ಆಗುವುದಿಲ್ಲ.

ಆದರೆ ಎಡವುವ ಜಾಗ ಒಂದಿದೆ. ನಿಮ್ಮ ಸೈಟು ವಸತಿಗೆ ಅಂತ ಭೂಪರಿವರ್ತನೆ ಆಗಿದೆಯಾ, ಮಾಸ್ಟರ್ ಪ್ಲಾನಿನಲ್ಲಿ ಯಾವ ಬಣ್ಣದಲ್ಲಿದೆ, ಮೊದಲು ನೋಡಿ. ಕೈಗಾರಿಕಾ ಬಣ್ಣದೊಳಗೆ ಮನೆ ಕಟ್ಟಿಕೊಂಡಿದ್ದರೆ ಅವರು 70ರ ಲೆಕ್ಕ ತೆಗೆಯುತ್ತಾರೆ. ನಮ್ಮ ಕಡೆ ಒಬ್ಬರು ಎರಡು ವರ್ಷ ಓಡಾಡಿದ ಮೇಲೆ ಇದು ಗೊತ್ತಾಯಿತು.

ಫೋನ್ ಅಳತೆ ನಿಮ್ಮ ಡೈರಿಗೆ ಸಾಕು, ಕಚೇರಿಗೆ ಸಾಲದು. ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆದರೆ ಅವರೇ ಮೀಟರ್ ತರುತ್ತಾರೆ. ಅರ್ಜಿಯಲ್ಲಿ "ರಾತ್ರಿ 11ರ ನಂತರ ಅಳೆಯಬೇಕು" ಅಂತ ಬರೆಯುವುದನ್ನು ಮರೆಯಬೇಡಿ. ಮಧ್ಯಾಹ್ನ ಬಂದು ಅಳೆದು ಹೋದರೆ ಏನು ಬಂತು? ಮಂಡಳಿ ಆ ಮಿಲ್‌ಗೆ ಕೊಟ್ಟ ಸಮ್ಮತಿ ಪತ್ರದ ಪ್ರತಿಯನ್ನು ಆರ್‌ಟಿಐನಲ್ಲಿ ಕೇಳಬಹುದು, ಸದ್ದಿನ ಷರತ್ತು ಅದರಲ್ಲೇ ಇರುತ್ತದೆ. 1987ರ ತಿದ್ದುಪಡಿ ಆದಾಗಿಂದ ವಾಯು ಕಾಯ್ದೆಯಲ್ಲಿ ಸದ್ದು ಕೂಡ ವಾಯು ಮಾಲಿನ್ಯವೇ.

ಜನರೇಟರ್ ಕಥೆ ಬೇರೆ. 2005ರ ಜನವರಿಯಿಂದ ಈಚೆಗೆ ತಯಾರಾದ, 1000 ಕೆವಿಎ ತನಕದ ಡೀಸೆಲ್ ಜನರೇಟರ್ ಆದರೆ ಸದ್ದು ತಡೆಯಲು ಅದರ ಸುತ್ತ ಇರುವ ಪೆಟ್ಟಿಗೆಯಿಂದ 1 ಮೀಟರ್ ದೂರದಲ್ಲಿ 75 ಮೀರಬಾರದು. ಪೆಟ್ಟಿಗೆಯ ಬಾಗಿಲು ತೆಗೆದಿಟ್ಟು ಓಡಿಸುತ್ತಿದ್ದಾರಾ ನೋಡಿ.

ಬಂಗಾರಪೇಟೆ ಮಿಲ್

ನಾನು ಆ ಕಡೆಯವನು. ಬೈಯಬೇಡಿ, ಪೂರ್ತಿ ಓದಿ.

ನಮ್ಮಪ್ಪ ಮಿಲ್ ಹಾಕಿದಾಗ ಸುತ್ತ ರಾಗಿ ಹೊಲ. ಆಮೇಲೆ ಲೇಔಟ್ ಬಂತು, ಸೈಟ್ ಮಾರಿದವನು ದುಡ್ಡು ಎಣಿಸಿಕೊಂಡು ಹೋದ, ದೂರು ಬಂದಿದ್ದು ನಮ್ಮ ಮೇಲೆ. ಮೊದಲು ನನಗೂ ಸಿಟ್ಟು ಬಂತು. ಒಂದು ರಾತ್ರಿ ದೂರು ಕೊಟ್ಟವರ ಮನೆಗೇ ಹೋಗಿ ಕೂತೆ. ಕಾಫಿ ಕೊಟ್ಟರು. ಲೋಟ ಕೆಳಗಿಡುವಷ್ಟರಲ್ಲಿ ನನಗೇ ಕೇಳಿಸಿತು, ಸಾರ್ಟೆಕ್ಸಿಗೆ, ಅಂದರೆ ಬಣ್ಣ ನೋಡಿ ಕೆಟ್ಟ ಅಕ್ಕಿ ಆರಿಸುವ ಮೆಷಿನ್ನಿಗೆ, ಗಾಳಿ ಕೊಡುವ ಕಂಪ್ರೆಸರ್. ಮಿಲ್ ಒಳಗೆ ಇಪ್ಪತ್ತು ವರ್ಷ ನಿಂತವನಿಗೆ ಅದು ಕೇಳಿಸಿರಲೇ ಇಲ್ಲ.

ಅದರ ಸುತ್ತ ಇಟ್ಟಿಗೆ ರೂಮ್ ಕಟ್ಟಿ ಒಳಗೆ ಸದ್ದು ಹೀರುವ ರಾಕ್‌ವುಲ್ ಹೊಡೆಸಿದೆ. ಸದ್ದು ನಿಂತಿತು, ಎರಡೇ ದಿನಕ್ಕೆ ಕಂಪ್ರೆಸರ್ ಕಾದು ಟ್ರಿಪ್. ಹುಡುಗರು ಬಾಗಿಲು ತೆಗೆದಿಟ್ಟರು, ಸದ್ದು ವಾಪಸ್. ಗೋಡೆಯಲ್ಲಿ ನೂರಕ್ಕೆ ಒಂದು ಪಾಲು ತೂತಿದ್ದರೆ ಎಷ್ಟೇ ದಪ್ಪ ಗೋಡೆಯಾದರೂ 20 ಡೆಸಿಬಲ್‌ಗಿಂತ ಮೇಲೆ ತಡೆಯಲಾರದಂತೆ, ಕಂಟ್ರಾಕ್ಟರ್ ಆಮೇಲೆ ಹೇಳಿದ. ಮೊದಲೇ ಹೇಳಬಾರದಾ? ಕೊನೆಗೆ ಗಾಳಿ ಬರುವ, ಹೋಗುವ ಕಡೆ ಎರಡು ತಿರುವು ಇರುವ ಡಕ್ಟ್ ಮಾಡಿಸಿ, ಅದರ ಒಳಗೂ ರಾಕ್‌ವುಲ್ ಹಾಕಿಸಿದೆ. ಗಾಳಿ ತಿರುಗಿ ಹೋಗುತ್ತದೆ, ಸದ್ದು ತಿರುವಿನಲ್ಲಿ ಸಾಯುತ್ತದೆ.

ನಿಮ್ಮ ಮಿಲ್‌ನವರನ್ನು ಒಂದು ರಾತ್ರಿ ಮನೆಗೆ ಕರೆಯಿರಿ. ಅರ್ಜಿ ಬರೆಯುವುದು ಯಾವಾಗಲೂ ಇದ್ದೇ ಇದೆ.

ಶಿರಾಗೇಟ್ ಸೊಸೆ

ಎಲ್ಲರಿಗೂ ಥ್ಯಾಂಕ್ಸ್. ಮೂರು ವಾರದ ಸುದ್ದಿ ಒಟ್ಟಿಗೆ ಹೇಳುತ್ತೇನೆ.

ಕರೆದೆ, ಬಂದರು. ಬಿಂದಿಗೆ ಮುಚ್ಚಳ ತೋರಿಸಿದೆ. ನಕ್ಕರು, ಆಮೇಲೆ ತಾವೇ ಬೆರಳಿಟ್ಟು ನೋಡಿದರು. ಮಾರನೇ ದಿನ ಫ್ಯಾನ್ ಲೆಕ್ಕ ಕೊಟ್ಟು ಕಳಿಸಿದರು: 840 ಸುತ್ತು, 10 ಎಲೆ. ಗುಣಿಸಿದರೆ 140. ರಾತ್ರಿ ಆ್ಯಪ್ ಹಾಕಿದರೆ ಗೀಟು 139ರಲ್ಲಿ! ಯಜಮಾನರನ್ನು ಎಬ್ಬಿಸಿ ತೋರಿಸಿದೆ. ಫ್ರಿಜ್ ಮಾತು ವಾಪಸ್ ತಗೊಂಡರು.

ಡ್ಯಾಂಪರ್ ನಿಜವಾಗಿಯೂ ಅರ್ಧ ಮುಚ್ಚಿತ್ತು. ಎಲೆ ತೊಳೆಸಿ ಬ್ಯಾಲೆನ್ಸ್ ಮಾಡಿಸಿದ್ದಾರೆ, ಮುಚ್ಚಳದ ಅದುರು ನಿಂತಿದೆ. ತಾರಸಿಯಲ್ಲಿ ಈಗ 55. ಡ್ರೈವ್ ಈ ಸುಗ್ಗಿ ಮುಗಿದ ಮೇಲೆ ಅಂದಿದ್ದಾರೆ, ಬೆಲೆ ವಿಚಾರಿಸಿದ್ದು ನಿಜ, ಕೊಟೇಶನ್ ತೋರಿಸಿದರು. ಸೈಟಿನ ಕನ್ವರ್ಷನ್ ಆರ್ಡರ್ ಹುಡುಕಿ ಇಟ್ಟುಕೊಂಡಿದ್ದೇನೆ, ವಸತಿ ಅಂತಲೇ ಇದೆ.

ಒಂದು ಅನುಮಾನ. ಚಳಿ ಜಾಸ್ತಿ ಇದ್ದ ರಾತ್ರಿ ಸದ್ದೂ ಜಾಸ್ತಿ ಅನ್ನಿಸುತ್ತದೆ. ನನ್ನ ಭ್ರಮೆನಾ?

ಹಳೇ ಫಿಟ್ಟರ್

ಭ್ರಮೆ ಅಲ್ಲ. ಚಳಿ ರಾತ್ರಿ ನೆಲದ ಹತ್ತಿರ ಗಾಳಿ ತಣ್ಣಗೆ, ಮೇಲೆ ಬೆಚ್ಚಗೆ. ಮೇಲೆ ಹೋಗಬೇಕಾದ ಸದ್ದು ಬಾಗಿ ಕೆಳಗೇ ಬರುತ್ತದೆ. ದೂರದ ರೈಲು ಕೂಗಿದ್ದು ಹಿತ್ತಲಲ್ಲೇ ಕೂಗಿದ ಹಾಗೆ ಕೇಳುತ್ತದಲ್ಲ, ಅದೇ. ಹಾಗಾಗಿ ಅಳತೆ ಬರೆದಿಡುವಾಗ ಚಳಿ, ಗಾಳಿ ಯಾವ ಕಡೆಯಿಂದ ಅಂತಲೂ ಬರೆಯಿರಿ. ತಾರಸಿಯಲ್ಲಿ ಗೋಡೆಯಿಂದ ಮೂರೂವರೆ ಮೀಟರ್ ದೂರ ನಿಂತು ಅಳೆಯಿರಿ, ಪಕ್ಕದಲ್ಲೇ ನಿಂತರೆ ಗೋಡೆಗೆ ಬಡಿದು ಬಂದದ್ದೂ ಸೇರಿ 3 ಡೆಸಿಬಲ್ ಏರುತ್ತದೆ.

ಡ್ರೈವ್ ಬರುವ ತನಕ ಒಂದು ಕೆಲಸ. 140 ಹರ್ಟ್ಜ್ ಸದ್ದಿನ ಒಂದು ಅಲೆ ಸುಮಾರು ಎರಡೂವರೆ ಮೀಟರ್ ಉದ್ದ. ಕೋಣೆಯೊಳಗೆ ಅದು ಗೋಡೆಗೆ ಅಂಟಿದಂತೆ ಜೋರು, ಗೋಡೆಯಿಂದ ಎರಡಡಿ ಈಚೆಗೆ ಕಡಿಮೆ. ಅತ್ತೆಯವರ ತಲೆದಿಂಬು ಗೋಡೆಗೆ ತಾಗಿಕೊಂಡಿದೆಯಾ?

ಶಿರಾಗೇಟ್ ಸೊಸೆ

ತಾಗಿಕೊಂಡೇ ಇತ್ತು. ಮಂಚ ಎರಡಡಿ ಎಳೆದೆವು. ಸಂದಿಯಲ್ಲಿ ಕಳೆದುಹೋಗಿದ್ದ ಅವರ ಕನ್ನಡಕವೂ ಸಿಕ್ಕಿತು. ನಿನ್ನೆ ಬೆಳಗ್ಗೆ ಐದೂವರೆಗೆ ನಾನೇ ಹೋಗಿ ಎಬ್ಬಿಸಿದೆ.