ಪ್ರಶ್ನೋತ್ತರ: ಬ್ರಾಂಡನ್ ರಾಯ್ 27ಕ್ಕೇ ಆಟ ಬಿಟ್ಟದ್ದೇಕೆ?

ಪ್ರಶ್ನೆ: ಸರ್, ನೀವು ಕ್ರೀಡಾ ಫಿಸಿಯೋಥೆರಪಿಸ್ಟ್ ಆದ್ದರಿಂದ ಕೇಳುತ್ತಿದ್ದೇನೆ. ಪೋರ್ಟ್‌ಲೆಂಡ್ ಟ್ರೇಲ್ ಬ್ಲೇಜರ್ಸ್‌ನ ಬ್ರಾಂಡನ್ ರಾಯ್ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಮೂರು ಬಾರಿ ಆಲ್‌ಸ್ಟಾರ್ (ಲೀಗ್‌ನ ತಾರೆಯರ ತಂಡಕ್ಕೆ ಆಯ್ಕೆ) ಆಗಿದ್ದವರು. 2011ರ ಡಿಸೆಂಬರ್‌ನಲ್ಲಿ, 27ನೇ ವಯಸ್ಸಿಗೇ ಮಂಡಿಯ ಕಾರಣಕ್ಕೆ ನಿವೃತ್ತರಾದರು. ಅವರು ಅಂಗಣದಲ್ಲಿ ದೊಡ್ಡದಾಗಿ ಬಿದ್ದ ದೃಶ್ಯವೊಂದೂ ನನಗೆ ನೆನಪಿಲ್ಲ. ಎಸಿಎಲ್ ಹರಿದುಕೊಂಡ ಎಷ್ಟೋ ಮಂದಿ ಮರಳಿ ಆಡುತ್ತಾರೆ, ಇವರಿಗೇಕೆ ಆಗಲಿಲ್ಲ?

ಉತ್ತರ: ಬಿದ್ದದ್ದು ನೆನಪಿಲ್ಲ ಎಂದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಎಸಿಎಲ್ ಎನ್ನುವುದು ಮಂಡಿಯ ಮೇಲಿನ, ಕೆಳಗಿನ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್. ಹರಿದರೆ ದೇಹದ ಬೇರೆ ಕಡೆಯಿಂದ ಸ್ನಾಯುರಜ್ಜು ತೆಗೆದು ಹೊಸದನ್ನು ಕೂರಿಸಬಹುದು. ರಾಯ್ ಅವರಿಗೆ ಸವೆದದ್ದು ಮೂಳೆಯ ತುದಿಯನ್ನು ಹೊದ್ದಿರುವ ಮೃದ್ವಸ್ಥಿ. ಅದಕ್ಕೆ ರಕ್ತನಾಳವಿಲ್ಲ, ಹಾಗಾಗಿ ಮಾಯುವುದಿಲ್ಲ. ನರವೂ ಇಲ್ಲ, ಹಾಗಾಗಿ ಸವೆಯುವಾಗ ತಿಳಿಯುವುದೂ ಇಲ್ಲ. ನೋವು ಕಾಣಿಸುವ ಹೊತ್ತಿಗೆ ಮೂಳೆಯೇ ಭಾರ ಹೊರುತ್ತಿರುತ್ತದೆ.

2010ರ ಏಪ್ರಿಲ್‌ನಲ್ಲಿ ಬಲ ಮಂಡಿಯ ಮೆನಿಸ್ಕಸ್‌ಗೆ (ಎರಡು ಮೂಳೆಗಳ ನಡುವಿನ ಮೆತ್ತೆ) ಶಸ್ತ್ರಚಿಕಿತ್ಸೆಯಾದ ಎಂಟೇ ದಿನಕ್ಕೆ ಅವರು ಪ್ಲೇಆಫ್, ಅಂದರೆ ಲೀಗ್ ಹಂತದ ನಂತರದ ನಾಕೌಟ್ ಸರಣಿ, ಆಡಿದರು. ಆ ಅವಸರವೇ ಅವರನ್ನು ಮುಗಿಸಿತು ಎನ್ನುವವರಿದ್ದಾರೆ; ನಾನು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಸವೆತ ಎಂಟು ದಿನದ ಕೆಲಸವಲ್ಲ. 2011ರ ಜನವರಿಯಲ್ಲಿ ಎರಡೂ ಮಂಡಿಗೆ ಮತ್ತೆ ಶಸ್ತ್ರಚಿಕಿತ್ಸೆಯಾಯಿತು. ಅದೇ ಏಪ್ರಿಲ್‌ನಲ್ಲಿ ಡಲ್ಲಾಸ್ ವಿರುದ್ಧ ಕೊನೆಯ ಕ್ವಾರ್ಟರ್‌ನಲ್ಲೇ 18 ಅಂಕ ಗಳಿಸಿ, ಸೋತೇ ಹೋದಂತಿದ್ದ ಪಂದ್ಯವನ್ನು 84-82ರಿಂದ ಗೆಲ್ಲಿಸಿದರು! ಅಂಥ ಮಂಡಿಯಲ್ಲಿ ಒಂದು ರಾತ್ರಿ ಮಿಂಚಬಹುದು. ಕಷ್ಟ ಇರುವುದು ಮರುದಿನ.

ಮರುದಿನ ಏನಾಗುತ್ತದೆ ಎಂದು ನಮ್ಮ ಕೈಗೆ ಗೊತ್ತು. ಮಂಡಿಚಿಪ್ಪಿನ ಅಕ್ಕಪಕ್ಕದ ತಗ್ಗುಗಳು ನೀರು ತುಂಬಿ ಮುಚ್ಚಿಹೋಗಿರುತ್ತವೆ. ಬೆರಳಿನಿಂದ ಒತ್ತಿದರೆ ಚಿಪ್ಪು ಮುಳುಗಿ ಮತ್ತೆ ತೇಲಿ ಬರುತ್ತದೆ. ಆ ಊತ ಇರುವಷ್ಟು ಕಾಲ ತೊಡೆಯ ಮುಂಭಾಗದ ಸ್ನಾಯು ಎಷ್ಟೇ ಪ್ರಯತ್ನಿಸಿದರೂ ಪೂರ್ತಿ ಬಿಗಿಯುವುದಿಲ್ಲ. ಅದು ಕೈಕೊಟ್ಟರೆ ನೆಗೆದು ಇಳಿಯುವ ಹೊಡೆತ ನೇರ ಕೀಲಿಗೆ, ಮತ್ತಷ್ಟು ಊತ. ಲೀಗ್ ಹಂತದಲ್ಲೇ 82 ಪಂದ್ಯ, ಕೆಲವೊಮ್ಮೆ ಸತತ ಎರಡು ರಾತ್ರಿ ಆಟ. ಊತ ಇಳಿಯಲು ಬಿಡುವೆಲ್ಲಿ? 2012ರಲ್ಲಿ ಮಿನೆಸೋಟ ತಂಡ ಸೇರಿ ಮರಳಲು ನೋಡಿದರು, ಐದು ಪಂದ್ಯಕ್ಕೆ ನಿಂತಿತು.

ಇನ್ನೊಬ್ಬ ಸದಸ್ಯರು: ರಾಯ್ ಜೊತೆ ಬ್ಲೇಜರ್ಸ್‌ನಲ್ಲೇ ಇದ್ದ ಗ್ರೆಗ್ ಓಡನ್ ಅವರಿಗೆ ಮೂಳೆಯಲ್ಲಿ ತೂತು ಕೊರೆದು ಚಿಕಿತ್ಸೆ ಮಾಡಿದ್ದರಂತೆ, ಹೌದೇ?

ಉತ್ತರ: ಹೌದು, ಮೈಕ್ರೋಫ್ರಾಕ್ಚರ್. ಸಣ್ಣ ತೂತುಗಳಿಂದ ಮಜ್ಜೆಯ ರಕ್ತ ಮೇಲೆ ಬಂದು ಹೆಪ್ಪುಗಟ್ಟಿ ಹೊಸ ಪದರವಾಗುತ್ತದೆ. ಆದರೆ ಆ ಪದರ ನಾರಿನದು, ಹುಟ್ಟಿನಿಂದ ಬಂದ ನುಣುಪು ಮೃದ್ವಸ್ಥಿಯಷ್ಟು ಬಾಳಿಕೆ ಬರುವುದಿಲ್ಲ. 2007ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಪ್ರಕ್ರಿಯೆ) ಮುಂದೆ ದೊಡ್ಡ ತಾರೆಯಾದ ಕೆವಿನ್ ಡ್ಯುರಾಂಟ್‌ಗಿಂತ ಮೊದಲೇ ಆಯ್ಕೆಯಾದ ಓಡನ್ ಇಂಥ ಮೂರು ಶಸ್ತ್ರಚಿಕಿತ್ಸೆ ಕಂಡರು. ಲೀಗ್ ಹಂತದಲ್ಲಿ ಒಟ್ಟು ಆಡಿದ್ದು 105 ಪಂದ್ಯ.

ಮತ್ತೊಬ್ಬ ಸದಸ್ಯರು: ಮಗಳು ಕಾಲೇಜು ತಂಡದಲ್ಲಿ ಆಡುತ್ತಾಳೆ. ಎಂಆರ್‌ಐನಲ್ಲಿ ಮೆನಿಸ್ಕಸ್ ಹರಿದಿದೆ ಎಂದು ಬಂದಿದೆ. ಹರಿದ ಭಾಗ ಕತ್ತರಿಸಿದರೆ ಬೇಗ ಆಡಬಹುದು, ಹೊಲಿದರೆ ತಿಂಗಳುಗಟ್ಟಲೆ ಕಾಯಬೇಕು ಎನ್ನುತ್ತಾರೆ. ಅವಳಿಗೆ ಈ ಋತು ತಪ್ಪಿಸಿಕೊಳ್ಳುವ ಮನಸ್ಸಿಲ್ಲ.

ಉತ್ತರ: ಮೇಡಂ, ಚಿತ್ರ ನೋಡದೆ ತೀರ್ಪು ಹೇಳಲಾರೆ. ಮೆನಿಸ್ಕಸ್‌ನ ಹೊರ ಅಂಚಿಗೆ ರಕ್ತ ಹೋಗುತ್ತದೆ, ಅಲ್ಲಿ ಹರಿದಿದ್ದರೆ ಹೊಲಿಗೆ ಕೂಡಿಕೊಳ್ಳುವ ಸಾಧ್ಯತೆ ಹೆಚ್ಚು. ಒಳಭಾಗವಾದರೆ ಅನೇಕ ಸಲ ಕತ್ತರಿಸುವುದೇ ದಾರಿ. ಹೊಲಿಯಬಹುದಾದದ್ದನ್ನು ಋತುವಿನ ಆಸೆಗೆ ಕತ್ತರಿಸುವುದಕ್ಕೆ ಮಾತ್ರ ನನ್ನ ವಿರೋಧವಿದೆ, ಏಕೆಂದರೆ ಆ ಮೆತ್ತೆ ಹೋದಷ್ಟೂ ಅದರಡಿಯ ಮೃದ್ವಸ್ಥಿಯ ಮೇಲೆ ಒತ್ತಡ ಏರುತ್ತದೆ. ಎನ್‌ಬಿಎಯ ಇನ್ನೊಬ್ಬ ತಾರೆ ಡ್ವೇನ್ ವೇಡ್ ಅವರಿಗೆ ಕಾಲೇಜು ದಿನಗಳಲ್ಲೇ ಮೆನಿಸ್ಕಸ್ ತೆಗೆದಿದ್ದರು. ಮುಂದಿನ ಮಂಡಿ ತೊಂದರೆಗಳಿಗೆ ಅದೇ ಮೂಲವೆಂದು ಅವರೇ ಹೇಳಿಕೊಂಡಿದ್ದಾರೆ. ಅದೇ ಲೀಗ್‌ನ ರಸೆಲ್ ವೆಸ್ಟ್‌ಬ್ರುಕ್ 2013ರಲ್ಲಿ ಪ್ಲೇಆಫ್ ಬಿಟ್ಟು ಹೊಲಿಸಿಕೊಂಡರು, ಅದೇ ವರ್ಷ ಆ ಮಂಡಿಗೆ ಇನ್ನೂ ಎರಡು ಶಸ್ತ್ರಚಿಕಿತ್ಸೆ ಬೇಕಾಯಿತು, ಆದರೂ 2017ರಲ್ಲಿ ಎಂವಿಪಿ (ಲೀಗ್‌ನ ಅತ್ಯಂತ ಮೌಲ್ಯಯುತ ಆಟಗಾರ) ಆದರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಸರ್ಜನ್‌ರನ್ನು ಕೇಳಿ: ಹರಿದಿರುವುದು ಹೊರ ಅಂಚೋ ಒಳಭಾಗವೋ, ಕತ್ತರಿಸಿದರೆ ಎಷ್ಟು ಉಳಿಯುತ್ತದೆ? ಈ ಎರಡಕ್ಕೂ ಉತ್ತರ ಪಡೆದು ಇಲ್ಲಿ ಬರೆಯಿರಿ, ಮುಂದಿನ ವ್ಯಾಯಾಮದ ಬಗ್ಗೆ ಆಮೇಲೆ ಮಾತನಾಡೋಣ.